ಹಿಡಿಯ ಮೇಲಿನ ಗುಳಿ

ಮಾರ್ಚ್ ೪

ತಮ್ಮನಿಗೆ,

ನಿನ್ನ ಪಾರ್ಸೆಲ್ ಬಂತು. ಬಿಸ್ಕತ್ತಿನ ಡಬ್ಬಿಯೊಳಗೆ ಅಪ್ಪನ ಮೀನು ಗಾಳದ ರೀಲು, ರೀಲಿನೊಳಗೆ ಮರಳು. ಅಪ್ಪ ಹೋಗಿ ವರ್ಷ ತುಂಬಿತು. ಈ ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಕಾಗದ ಎಂದರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಚೀಟಿ: "ತಿರುಗುತ್ತಿಲ್ಲ, ನೋಡು." ಅಕ್ಕ ಹೇಗಿದ್ದಾಳೆ ಅಂತ ಕೇಳುವಷ್ಟು ಜಾಗ ಆ ಚೀಟಿಯಲ್ಲಿ ಉಳಿದಿತ್ತು. ಅಳೆದು ನೋಡಿದೆ.

ನಾನು ಚೆನ್ನಾಗಿದ್ದೇನೆ. ಅಪ್ಪನ ರಿಪೇರಿ ಅಂಗಡಿಯೂ ನಡೆಯುತ್ತಿದೆ. ಪಕ್ಕದ ಬೀಗ ರಿಪೇರಿಯವನು ಈಗಲೂ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು "ಹೆಂಗಸರು ರೀಲು ಬಿಚ್ಚೋದನ್ನ ನಾನು ಇಲ್ಲೇ ನೋಡಿದ್ದು" ಅನ್ನುತ್ತಾನೆ. ಇಷ್ಟು ವರ್ಷ ನೋಡಿಯೂ ಅವನಿಗೆ ಸಾಕಾಗಿಲ್ಲ.

ಇನ್ನು ರೀಲಿನ ವಿಷಯ. ಪಕ್ಕದ ಹಿತ್ತಾಳೆ ತಟ್ಟೆಯ ಸ್ಕ್ರೂಗಳನ್ನು ಯಾರೋ ಅಡುಗೆಮನೆಯ ಚಾಕುವಿನಿಂದ ತಿರುಗಿಸಲು ಹೋಗಿದ್ದಾರೆ. ಯಾರು ಅಂತ ಕೇಳುವುದಿಲ್ಲ. ಗೀರು ನೋಡಿದರೆ ಗೊತ್ತಾಗುತ್ತದೆ, ಚಿಕ್ಕಂದಿನಿಂದ ನಿನ್ನ ಕೈಯೇ ಹಾಗೆ. ದಾರ ಓಡುವಾಗ ಟಿಕ್ ಟಿಕ್ ಅನ್ನಿಸುವ ಸ್ಪ್ರಿಂಗು ಮುರಿದಿದೆ. ತಿರುಗಿಸುವ ಹಿಡಿಯ ಮರ ಸೀಳು ಬಿಟ್ಟಿದೆ. ಎರಡನ್ನೂ ಬದಲಾಯಿಸಬೇಕು. ಇಂಥ ರೀಲನ್ನು ಈಗ ಯಾರೂ ಮಾಡುವುದಿಲ್ಲ, ಮಾಡುತ್ತಿದ್ದ ಕಾರ್ಖಾನೆ ನಾವು ಹುಟ್ಟುವ ಮೊದಲೇ ಮುಚ್ಚಿತು. ಹಾಗಾಗಿ ಹೊಸದನ್ನು ನಾನೇ ಕಡೆದು ಕೂರಿಸಬೇಕು.

ಆ ಸ್ಪ್ರಿಂಗು ಕೂರಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ಅಪ್ಪ ತನ್ನ ಬಲಗೈಯ ಮೊಂಡು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ, ನಾನು ಸ್ಕ್ರೂ ಹಾಕುತ್ತಿದ್ದೆ. ಲೇತ್ ಯಂತ್ರಕ್ಕೆ ಸಿಕ್ಕಿ ತುದಿ ಕಳೆದುಕೊಂಡ ಆ ಬೆರಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಈಗ ಅದರ ಬದಲು ಒಂದು ಮರದ ಗೂಟ ಮಾಡಿಕೊಂಡಿದ್ದೇನೆ.

ರೀಲನ್ನು ಅಪ್ಪ ನಿನಗೆ ಕೊಟ್ಟ, ಕೊಡಲಿ. ಅಂಗಡಿ ನನಗೆ ಬಂತು, ಪೊರಕೆ ಹಿಡಿದವರಿಗೆ ಕಸ ಬರುವ ಹಾಗೆ. ಅದನ್ನು ಮತ್ತೆ ಎತ್ತುವುದಿಲ್ಲ ಅಂತ ಅಂದುಕೊಂಡೇ ಕೂತಿದ್ದೆ, ನೋಡು, ಎತ್ತಿಬಿಟ್ಟೆ. ಮುಂದಿನ ವಾರ ಕಳಿಸುತ್ತೇನೆ. ಮರಳಿನಲ್ಲಿ ಇಡಬೇಡ.

ಇಂತಿ, ಚೀಟಿಯಲ್ಲಿ ಜಾಗ ಸಿಗದ
ಅಕ್ಕ


ಮಾರ್ಚ್ ೨೬

ಅಕ್ಕನಿಗೆ,

ರೀಲು ತಲುಪಿತು. ಇಷ್ಟೇ ಬರೆದು ನಿಲ್ಲಿಸಿದರೆ ಮತ್ತೆ ಅಳೆಯಲು ಕೂರುತ್ತೀಯ ಅಂತ ಇಡೀ ಹಾಳೆ ತೆಗೆದುಕೊಂಡಿದ್ದೇನೆ.

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತಾ? ನಾವು ಚೆನ್ನಾಗಿದ್ದೇವೆ. ಬೆಳಿಗ್ಗೆ ಆ ದಡಕ್ಕೆ, ಸಂಜೆ ಈ ದಡಕ್ಕೆ ಜನರನ್ನು ದಾಟಿಸುವುದೇ ನನ್ನ ಕೆಲಸ. ಸರೋವರದ ಮೇಲೆ ಮಂಜು ಬಿದ್ದ ದಿನ ಮಾತ್ರ ಎಲ್ಲರೂ ಚಾಲಕನ ಮುಖ ನೋಡುತ್ತಾರೆ. ಉಳಿದ ದಿನ ಅವರ ಪಾಲಿಗೆ ನಾನೂ ಇಂಜಿನ್ನಿನ ಒಂದು ಭಾಗ. ನನ್ನ ಹೆಂಡತಿ ಮನೆಯ ಹಿಂದಿನ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾಳೆ, ನನ್ನನ್ನು ಹತ್ತಿರ ಬಿಡುತ್ತಿಲ್ಲ.

ಕಡೆಯ ದೋಣಿ ಕಟ್ಟಿದ ಮೇಲೆ ರೀಲು ಹಾಕಿ ಎಸೆದು ನೋಡಿದೆ. ಟಿಕ್ ಟಿಕ್ ಸದ್ದು ಎಷ್ಟು ಚೊಕ್ಕವಾಗಿದೆ ಎಂದರೆ ಟಿಕೆಟ್ ಕೊಡುವವನು ಒಳಗಿಂದ ಎದ್ದು ಬಂದ. "ಯಾರ ಕೈ ಇದು?" ಅಂದ. ನಮ್ಮಕ್ಕಂದು ಅಂದೆ. ಹೊಸ ಹಿಡಿಯೂ ಚೆಂದ ಇದೆ. ಕೈಗೆ ಮಾತ್ರ ಇನ್ನೂ ಒಗ್ಗಿಲ್ಲ.

ಒಂದು ವಿಷಯ. ತೆಗೆದ ಭಾಗ ತುಕ್ಕು ಹಿಡಿದ ಮೊಳೆಯೇ ಆಗಿದ್ದರೂ ಬಟ್ಟೆಯ ಚೂರಿನಲ್ಲಿ ಸುತ್ತಿ ಗಿರಾಕಿಗೆ ವಾಪಸ್ ಕೊಡುವುದು ನಮ್ಮ ಅಂಗಡಿಯ ಪದ್ಧತಿ ಅಲ್ಲವಾ? ಅಪ್ಪ ಒಂದು ಸಲವೂ ತಪ್ಪಿಸಿದವನಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದೆ, ಹಳೆಯ ಹಿಡಿ ಸಿಗಲಿಲ್ಲ. ಅಲ್ಲೇ ಎಲ್ಲಾದರೂ ಉಳಿದಿದ್ದರೆ ಕಳಿಸು. ಸ್ಪ್ರಿಂಗು ಬೇಡ, ಹಿಡಿ ಸಾಕು.

ಇಂತಿ ನಿನ್ನ
ತಮ್ಮ


ಏಪ್ರಿಲ್ ೨

ತಮ್ಮನಿಗೆ,

ಹಿಡಿ ತೆಗೆಯುವಾಗಲೇ ಎರಡು ಹೋಳಾಯಿತು. ಒಲೆಗೆ ಹಾಕಿದೆ. ಸ್ಪ್ರಿಂಗಿನ ಚೂರು ನೆಲದ ಸಂದಿಗೆ ಹೋಯಿತು. ಅದನ್ನಿಟ್ಟುಕೊಂಡು ಹೆಂಡತಿಗೆ ಓಲೆ ಮಾಡಿಸಬೇಕಿತ್ತಾ?

ಪದ್ಧತಿಯನ್ನು ನನಗೆ ನೆನಪಿಸಬೇಡ. ಆ ಬಟ್ಟೆಯ ಚೂರುಗಳನ್ನು ಕತ್ತರಿಸಿ ಇಡುತ್ತಿದ್ದವಳು ನಾನು. ನೀನು ಆಗ ದೋಣಿಯಲ್ಲಿರುತ್ತಿದ್ದೆ.

ಹೊಸ ಹಿಡಿಗೆ ಒಳ್ಳೆಯ ಮರ ಹಾಕಿದ್ದೇನೆ, ಎರಡು ತಿಂಗಳು ತಿರುಗಿಸು, ಒಗ್ಗುತ್ತದೆ. ಇನ್ನೊಂದು ಮಾತು. ಒಳಗಿನ ತಡೆ ಬಿಲ್ಲೆಗಳು, ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಡುವ ಆ ಚರ್ಮದ ಬಿಲ್ಲೆಗಳು, ಒಣಗಿ ಗಟ್ಟಿಯಾಗಿವೆ. ದೊಡ್ಡ ಹಲ್ಲುಚಕ್ರವೂ ಸವೆದ ಹಾಗೆ ಕಂಡಿತು. ಮೇ ತಿಂಗಳಲ್ಲಿ ಇನ್ನೊಮ್ಮೆ ಕಳಿಸು. ನಿಧಾನಕ್ಕೆ ಒಂದೊಂದೇ ಬದಲಾಯಿಸಿಬಿಡೋಣ.

ಸೊಂಟ ಹಾಗೇ ಇದೆ. ಕೇಳಿದ್ದಕ್ಕೆ ಸಂತೋಷ.

ಅಕ್ಕ


ಜೂನ್ ೧೮

ಅತ್ತೆಗೆ ನಮಸ್ಕಾರ,

ಅಪ್ಪನ ಅಕ್ಕ ಅಂತ ನೀವೊಬ್ಬರೇ ಉಳಿದಿರುವುದು. ಹಾಗಾಗಿ ಇದನ್ನು ನಿಮಗೆ ಬರೆಯುತ್ತಿದ್ದೇನೆ. ಓದಿ ಬೈಯಿರಿ, ಆದರೆ ಬಾಯಿಗೆ ಬೀಗ ಹಾಕಿಕೊಳ್ಳಿ. ತಮ್ಮನ ಕಿವಿಗೆ ಬೀಳಬಾರದು.

ಅಪ್ಪನ ರೀಲನ್ನು ನಾನು ಕದಿಯುತ್ತಿದ್ದೇನೆ. ಒಂದೇ ಸಲಕ್ಕಲ್ಲ, ಒಂದೊಂದೇ ಭಾಗವಾಗಿ.

ಮಾರ್ಚಿನಲ್ಲಿ ಅವನು ರಿಪೇರಿಗೆ ಕಳಿಸಿದ. ಹಿಡಿಯ ಸೀಳಿಗೆ ಒಂದು ಹನಿ ಅಂಟು ಬಿಟ್ಟಿದ್ದರೆ ಸಾಕಿತ್ತು. ಕೈಯಲ್ಲಿ ಹಿಡಿದು ನೋಡಿದೆ. ಆ ಮರದ ಮೇಲೆ ಹೆಬ್ಬೆರಳು ಕೂರುವ ಕಡೆ ಸವೆದು ಒಂದು ಗುಳಿ ಬಿದ್ದಿದೆ ಅತ್ತೆ, ನಯವಾಗಿ, ಹೊಳೆಯುವಷ್ಟು. ಎಷ್ಟು ಭಾನುವಾರ ತಿರುಗಿಸಿದರೆ ಹಾಗಾಗಬೇಕು. ಬೆರಳಿಟ್ಟೆ. ಮತ್ತೆ ವಾಪಸ್ ಹಾಕಲು ಮನಸ್ಸು ಬರಲಿಲ್ಲ. ಹೊಸದೊಂದನ್ನು ಕಡೆದು ಕೂರಿಸಿ, ಹಳೆಯದನ್ನು ಒಲೆಗೆ ಹಾಕಿದೆ ಅಂತ ಅವನಿಗೆ ಬರೆದೆ. ಅದು ಮೇಜಿನ ಖಾನೆಯಲ್ಲಿದೆ.

ಆಮೇಲೆ ಗುಜರಿಯವನು ತಂದ ಮೂಟೆಯಲ್ಲಿ ಅದೇ ಕಂಪನಿಯ, ಅದೇ ಅಳತೆಯ ಖಾಲಿ ಚೌಕಟ್ಟು ಸಿಕ್ಕಿತು. ಒಳಗೆ ಏನೂ ಇಲ್ಲ, ಎರಡು ತಟ್ಟೆ ಮತ್ತು ಕಂಬಿಗಳು ಅಷ್ಟೇ. ಅದನ್ನು ನೋಡಿದ್ದೇ ತಡ, ಇಡೀ ಯೋಚನೆ ತಲೆಗೆ ಬಂತು. ಅವನು ಕಳಿಸಿದಾಗಲೆಲ್ಲ ಒಂದು ಹೊಸ ಭಾಗ ಮಾಡಿ ಅವನದಕ್ಕೆ ಹಾಕುವುದು, ಅಪ್ಪನ ಭಾಗ ತೆಗೆದು ನನ್ನ ಚೌಕಟ್ಟಿಗೆ ಹಾಕುವುದು. ವರ್ಷ ಮುಗಿಯುವಷ್ಟರಲ್ಲಿ ಅಪ್ಪನ ರೀಲು ನನ್ನ ಹತ್ತಿರ ಇರುತ್ತದೆ, ಅವನ ಹತ್ತಿರ ಅಂಥದ್ದೇ ಇನ್ನೊಂದು ಇರುತ್ತದೆ. ಅವನಿಗೆ ನಷ್ಟವಿಲ್ಲ. ನಿಜ ಹೇಳಬೇಕೆಂದರೆ ಅವನದೇ ಚೆನ್ನಾಗಿ ಓಡುತ್ತದೆ.

ಮೇ ತಿಂಗಳಲ್ಲಿ ಚರ್ಮದ ಬಿಲ್ಲೆಗಳು ಬಂದವು. ದೊಡ್ಡ ಹಲ್ಲುಚಕ್ರವೂ ಬಂತು. ಇಲ್ಲಿ ಒಂದು ಕೆಟ್ಟ ಕೆಲಸ ಮಾಡಿದೆ. ಆ ದೊಡ್ಡ ಚಕ್ರಕ್ಕೆ ಕಚ್ಚಿಕೊಂಡು ಒಂದು ಪುಟ್ಟ ಚಕ್ರ ತಿರುಗುತ್ತದೆ. ಎರಡೂ ಒಟ್ಟಿಗೆ ಸವೆಯುತ್ತವೆ, ಬದಲಾಯಿಸಿದರೆ ಎರಡನ್ನೂ ಬದಲಾಯಿಸಬೇಕು. ಪುಟ್ಟದರ ಹಲ್ಲು ಕತ್ತರಿಸುವ ಸಣ್ಣ ಅಲಗು ನನ್ನ ಹತ್ತಿರ ಇರಲಿಲ್ಲ, ತರಿಸಲು ತಿಂಗಳಾಗುತ್ತಿತ್ತು. ಕಾಯಲು ಆಗಲಿಲ್ಲ. ಹೊಸ ದೊಡ್ಡದಕ್ಕೆ ಹಳೆಯ ಪುಟ್ಟದನ್ನೇ ಜೋಡಿಸಿ ಕಳಿಸಿಬಿಟ್ಟೆ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಹೊಟ್ಟೆಕಿಚ್ಚು ಅನ್ನುತ್ತೀರಿ. ಹೌದು, ಹೊಟ್ಟೆಕಿಚ್ಚೇ. ದಿನವಿಡೀ ಅಪ್ಪನ ಪಕ್ಕದಲ್ಲಿ ಕೂತು ಎಣ್ಣೆ ಮೆತ್ತಿಕೊಂಡವಳು ನಾನು, ಭಾನುವಾರ ಅವನ ಜೊತೆ ನೀರಿಗೆ ಹೋಗುತ್ತಿದ್ದವನು ತಮ್ಮ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಆ ಗುಳಿಯಲ್ಲಿ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತೇನೆ. ಮನಸ್ಸಿಗೆ ಹಿತವಾಗುತ್ತದೆ.

ನಿಮ್ಮ ಮೊಣಕಾಲು ಹೇಗಿದೆ?

ಇಂತಿ ನಿಮ್ಮ ಸೋದರ ಸೊಸೆ, ಕಳ್ಳಿ


ಜೂನ್ ೩೦

ಕಳ್ಳಿಗೆ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಊಟ ಸೇರಲಿಲ್ಲ.

ನಾನು ಬೈಯುವುದಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ನಮ್ಮ ಮನೆಯಲ್ಲಿ ಮಲಗುವ ಕೋಣೆಗೆ ಒಂದೇ ಕಿಟಕಿ ಇತ್ತು. ಕಿಟಕಿಯ ಪಕ್ಕ ನಿಮ್ಮಪ್ಪನಿಗೆ, ಗೋಡೆಯ ಪಕ್ಕ ನನಗೆ. ಚಿಕ್ಕವನು, ಅವನಿಗೆ ಗಾಳಿ ಬೇಕು ಅಂದರು. ನಾನು ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವಳು. ನಿಮ್ಮಪ್ಪ ಹೋದ ಸುದ್ದಿ ಬಂದಾಗ ಮೊದಲು ನೆನಪಾದದ್ದು ಆ ಕಿಟಕಿ. ಅಳು ಆಮೇಲೆ ಬಂತು. ಇದನ್ನು ನಾನು ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ.

ಆದರೆ ಒಂದು ಕೇಳುತ್ತೇನೆ. ಎಲ್ಲ ಭಾಗಗಳೂ ಬಂದು ಸೇರಿದ ಮೇಲೆ ಏನು ಮಾಡುತ್ತೀ? ನೀನು ಜನ್ಮದಲ್ಲಿ ಒಂದು ಮೀನು ಹಿಡಿದಿಲ್ಲ. ದೋಣಿಯಲ್ಲಿ ಕೂರಲು ಹೆದರುತ್ತೀ. ಗೂಡಿನಲ್ಲಿಟ್ಟು ನೋಡುತ್ತಾ ಕೂರುವುದಕ್ಕೆ ಇಷ್ಟು ಸುಳ್ಳು ಯಾಕೆ? ಕೇಳಿದ್ದರೆ ಅವನು ಕೊಡುತ್ತಿದ್ದನೇನೋ. ಅವನು ನಿನ್ನ ಹಾಗಲ್ಲ, ಮಾತು ಕಡಿಮೆ, ಅಷ್ಟೇ.

ಕೇಳಿ ತೆಗೆದುಕೊಂಡರೆ ನಿನಗೆ ಸಮಾಧಾನವಾಗುವುದಿಲ್ಲ ಅಂತಲೂ ನನಗೆ ಗೊತ್ತು.

ಮೊಣಕಾಲು ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ.

ನಿನ್ನ ಅತ್ತೆ


ಆಗಸ್ಟ್ ೨೧

ಅಕ್ಕನಿಗೆ,

ರೀಲನ್ನು ಮತ್ತೆ ಕಳಿಸಿದ್ದೇನೆ. ಈ ಸಲ ಟವೆಲ್ ಸುತ್ತಿ, ಮರಳು ಝಾಡಿಸಿ ಕಳಿಸಿದ್ದೇನೆ, ನೋಡಿರುತ್ತೀಯ.

ಹೇಳಲು ಸಂಕೋಚವಾಗುತ್ತಿದೆ. ಮೇ ತಿಂಗಳ ರಿಪೇರಿಯ ಮೇಲೆ ಒಳಗೆ ಕರಕರ ಅನ್ನುತ್ತಿದೆ. ಮೊದಲು ಸಣ್ಣಗೆ ಕೇಳುತ್ತಿತ್ತು, ಈಗ ಹಲ್ಲು ಕಡಿಯುವ ಹಾಗೆ ಕೇಳುತ್ತದೆ. ಹೋದ ವಾರ ಒಂದು ದೊಡ್ಡದು ಕಚ್ಚಿತ್ತು. ಅರ್ಧ ದಾರ ಎಳೆದುಕೊಂಡಿದ್ದೆ, ಅಷ್ಟರಲ್ಲಿ ಚಕ್ರ ಜಾರಿ ಹಿಡಿ ಕೈಯಲ್ಲೇ ಸುಮ್ಮನೆ ತಿರುಗಿತು. ದಾರ ಸಡಿಲವಾಯಿತು, ಮೀನು ಹೋಯಿತು. ಹೋಗಲಿ ಬಿಡು, ಅದರ ಅದೃಷ್ಟ. ಪಕ್ಕದಲ್ಲಿ ನಿಂತಿದ್ದ ಟಿಕೆಟ್ಟಿನವನು "ನಿಮ್ಮಕ್ಕಂದೇ ಕೈಯಾ ಇದು?" ಅಂದ. ನನಗೆ ಅದೇ ಬೇಸರವಾಯಿತು.

ನಿನ್ನ ಕೈಯಲ್ಲಿ ಇಂಥ ಕೆಲಸ ಆಗಿದ್ದು ನಾನು ಕಂಡಿಲ್ಲ. ಕಣ್ಣು ಹೇಗಿದೆ ಅಕ್ಕ? ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಕೆಲಸ ಜಾಸ್ತಿಯಾಗಿದ್ದರೆ ಸ್ವಲ್ಪ ದಿನ ಇಲ್ಲಿಗೆ ಬಂದಿರು. ಗೋಡೆಗೆ ಬಣ್ಣ ಹೊಡೆದು ಮುಗಿದಿದೆ, ಹಸಿರು, ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ನಿನಗೆ ಮುಂದಿನ ಕೋಣೆ ಕೊಡುತ್ತೇವೆ.

ಮತ್ತೆ ಆ ಹಿಡಿ. ಐದು ತಿಂಗಳಾಯಿತು, ಒಗ್ಗಲೇ ಇಲ್ಲ. ಬೆರಳು ಇನ್ನೂ ಹಳೆಯದನ್ನೇ ಹುಡುಕುತ್ತದೆ. ಒಲೆಗೆ ಹಾಕುವ ಮೊದಲು ಒಂದು ಮಾತು ಕೇಳಬಹುದಿತ್ತು.

ಇಂತಿ ನಿನ್ನ
ತಮ್ಮ


ಸೆಪ್ಟೆಂಬರ್ ೫

ತಮ್ಮನಿಗೆ,

ನನ್ನ ಕಣ್ಣಿಗೆ ಏನೂ ಆಗಿಲ್ಲ. ಕೂದಲಿನಷ್ಟು ವ್ಯತ್ಯಾಸವನ್ನು ಈಗಲೂ ಕನ್ನಡಕವಿಲ್ಲದೆ ಹೇಳುತ್ತೇನೆ. ಕಣ್ಣು ಹೋಗಿದೆ ಅಂತ ನೀನು, ಕೈ ಹೋಗಿದೆ ಅಂತ ನಿನ್ನ ಟಿಕೆಟ್ಟಿನವನು. ಇದನ್ನು ಕೇಳಿಸಿಕೊಳ್ಳುವುದಕ್ಕಿಂತ ನಿಜ ಹೇಳುವುದೇ ಮೇಲು.

ಗೊತ್ತಿದ್ದೇ ಮಾಡಿದೆ. ಹೊಸ ದೊಡ್ಡ ಚಕ್ರಕ್ಕೆ ಹಳೆಯ ಪುಟ್ಟ ಚಕ್ರ ಹಾಕಿದರೆ ಕರಕರ ಅನ್ನುತ್ತದೆ ಅಂತ ತಿಳಿದೇ ಹಾಕಿದೆ. ಹಳೆಯ ದೊಡ್ಡದು ನನಗೆ ಬೇಕಿತ್ತು. ಅದು ನನ್ನ ಹತ್ತಿರವಿದೆ. ಸ್ಪ್ರಿಂಗೂ ಇದೆ, ಬಿಲ್ಲೆಗಳೂ ಇವೆ. ನಿನ್ನ ಹಿಡಿ ಒಲೆಗೆ ಹೋಗಿಲ್ಲ, ಅದೂ ಇದೆ. ಈಗ ಪುಟ್ಟ ಚಕ್ರವನ್ನೂ ತೆಗೆದುಕೊಂಡಿದ್ದೇನೆ. ಇನ್ನು ಉಳಿದಿರುವುದು ದಾರ ಸುತ್ತುವ ಉರುಳೆ ಒಂದೇ. ಅದನ್ನೂ ಬಿಡುವ ಯೋಚನೆ ನನಗಿಲ್ಲ. ರೀಲು ಇಲ್ಲೇ ಇರುತ್ತದೆ. ಕಳಿಸುವುದಿಲ್ಲ.

ಅಕ್ಕನಿಗೆ ತಲೆ ಕೆಟ್ಟಿದೆ ಅಂತ ಹೆಂಡತಿಗೆ ಹೇಳುವ ಮೊದಲು ಇಷ್ಟು ಓದು. ಪ್ರತಿ ಶನಿವಾರ ಸಂಜೆ ಆ ರೀಲನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಕಿಟಕಿಯ ಹತ್ತಿರ ಇಡುತ್ತಿದ್ದವಳು ನಾನು. ಭಾನುವಾರ ಬೆಳಿಗ್ಗೆ ನೀವಿಬ್ಬರೂ ಹೊರಡುತ್ತಿದ್ದಿರಿ. ಒಂದು ಸಲ ಕೇಳಿದೆ, ನಾನೂ ಬರಲಾ ಅಂತ. "ದೋಣಿ ಚಿಕ್ಕದು" ಅಂದ ಅಪ್ಪ. ನೀನು ಆಗ ಮೂಗು ಸೋರಿಸುವ ಹುಡುಗ. ಆಮೇಲೆ ನೀನು ದಪ್ಪಗಾದೆ, ಉದ್ದವಾದೆ, ಮೀಸೆ ಬಂತು. ದೋಣಿ ಮಾತ್ರ ನನಗೊಬ್ಬಳಿಗೇ ಚಿಕ್ಕದಾಗಿ ಉಳಿಯಿತು.

ಮಧ್ಯಾಹ್ನ ನೀವು ಬರುತ್ತಿದ್ದಿರಿ, ನಿನ್ನ ತೋಳು ಒದ್ದೆ, ಮುಖ ಕೆಂಪು. ಏನೇನು ಮಾತಾಡಿಕೊಂಡು ಬರುತ್ತಿದ್ದಿರೋ, ನನ್ನನ್ನು ನೋಡಿದ ಕೂಡಲೇ ಮಾತು ನಿಲ್ಲುತ್ತಿತ್ತು. ನಾನು ಕೇಳುತ್ತಿದ್ದೆ, ರೀಲು ಹೇಗೆ ಓಡಿತು ಅಪ್ಪ? "ಪರವಾಗಿಲ್ಲ" ಅನ್ನುತ್ತಿದ್ದ. ಎಷ್ಟೋ ವರ್ಷ ಕೇಳಿದೆ. ಒಂದು ದಿನವೂ ಅದಕ್ಕಿಂತ ಹೆಚ್ಚು ಅಂದವನಲ್ಲ. ಸಾಯುವ ವಾರ ನಿನ್ನನ್ನು ಕರೆಸಿ ರೀಲನ್ನು ನಿನ್ನ ಕೈಗಿಟ್ಟ. ನಾನು ಬಿಸಿನೀರು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ಆ ಹಿಡಿಯ ಮೇಲೆ ಅಪ್ಪನ ಹೆಬ್ಬೆರಳಿನ ಗುಳಿ ಇದೆ, ದಿನಾ ಬೆಳಿಗ್ಗೆ ಅದರಲ್ಲಿ ಬೆರಳಿಟ್ಟು ಕೂರುತ್ತೇನೆ. ನನಗೆ ಕಾಣಿಸದ ಭಾನುವಾರಗಳೆಲ್ಲ ಆ ಗುಳಿಯಲ್ಲಿವೆ. ನಿನಗೆ ಭಾನುವಾರಗಳೇ ಸಿಕ್ಕಿವೆ, ಗುಳಿಯೂ ಬೇಕಾ? ಕೊಡುವುದಿಲ್ಲ. ಬೇಕಾದರೆ ಅತ್ತೆಗೆ ದೂರು ಕೊಡು, ಅವರಿಗೆ ಎಲ್ಲ ಗೊತ್ತು.

ಅಕ್ಕ


ಅಕ್ಟೋಬರ್ ೧೯

ಅಕ್ಕನಿಗೆ,

ನಿನ್ನ ಕಾಗದವನ್ನು ಇಷ್ಟು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಎರಡು ಸಲ ಉತ್ತರ ಬರೆದು ಹರಿದೆ. ನನಗೂ ಸಿಟ್ಟು ಬರುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆ ಗುಳಿ ನನ್ನದು.

ಅಪ್ಪನ ಬಲಗೈ ಹೆಬ್ಬೆರಳಿಗೆ ತುದಿಯೇ ಇರಲಿಲ್ಲ. ಮಾರ್ಚಿನ ಕಾಗದದಲ್ಲಿ ಮೊಂಡು ಬೆರಳು ಅಂತ ನೀನೇ ಬರೆದಿದ್ದೀಯ. ಹಿಡಿ ಇರುವುದು ಬಲಗಡೆ. ಆ ಗುಳಿಯನ್ನು ಸರಿಯಾಗಿ ನೋಡು, ಪೂರ್ತಿ ಬೆರಳಿನದು, ಮೇಲ್ತುದಿಯಲ್ಲಿ ಉಗುರಿನ ಗೀರೂ ಇದೆ. ದಿನಾ ಅದರ ಮೇಲೆ ಬೆರಳಿಟ್ಟು ಕೂರುತ್ತೀಯಲ್ಲ, ನಿನಗೆ ಕಾಣಿಸಲಿಲ್ಲವಾ? ಕೂದಲಿನಷ್ಟು ವ್ಯತ್ಯಾಸ ಹೇಳುವವಳು ನೀನು.

ದೋಣಿಯಲ್ಲಿ ಅಪ್ಪ ಒಂದು ದಿನವೂ ರೀಲು ತಿರುಗಿಸಲಿಲ್ಲ. ಅವನಿಗೆ ಮೀನಿನ ಮೇಲೆ ಆಸೆಯೇ ಇರಲಿಲ್ಲ. ನಡು ನೀರಿಗೆ ಹುಟ್ಟು ಹಾಕಿಕೊಂಡು ಹೋಗಿ, ಹುಟ್ಟು ಒಳಗಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದ. "ಎಸಿ" ಅನ್ನುತ್ತಿದ್ದ. ಎಸೆಯುತ್ತಿದ್ದೆ. "ಸುತ್ತು. ನಿಧಾನ. ಇನ್ನೊಂದು ಸಲ." ಮತ್ತೆ ಎಸೆಯುತ್ತಿದ್ದೆ. ಅವನು ರೀಲಿನ ಸದ್ದು ಕೇಳುತ್ತಿದ್ದ. ಅಂಗಡಿಯ ಬೀದಿಯ ಗದ್ದಲದಲ್ಲಿ ಕೇಳಿಸುವುದಿಲ್ಲ, ನೀರಿನ ಮೇಲೆ ಕೇಳಿಸುತ್ತದೆ ಅಂತ ಅಷ್ಟು ದೂರ ಹೋಗುತ್ತಿದ್ದ.

"ಕೇಳಿದ್ಯಾ ಈ ಟಿಕ್? ನಿಮ್ಮಕ್ಕ ಬಗ್ಗಿಸಿದ ಸ್ಪ್ರಿಂಗು. ನನ್ನ ಕೈಯಲ್ಲಿ ಇಷ್ಟು ಚೊಕ್ಕ ಬರಲ್ಲ ಕಣೋ." ಇದು ಒಂದು ಭಾನುವಾರ. "ಚರ್ಮಕ್ಕೆ ಎಷ್ಟು ಎಣ್ಣೆ ಕುಡಿಸಿದ್ದಾಳೆ ನೋಡು, ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆ ಇಲ್ಲ." ಇದು ಇನ್ನೊಂದು ಭಾನುವಾರ. ನಾನು ಮೊದಲ ಸಲ ದೊಡ್ಡ ಮೀನೊಂದನ್ನು ದೋಣಿಯೊಳಗೆ ಎಳೆದು ಹಾಕಿದೆ. ಅಪ್ಪ ಕಣ್ಣು ಬಿಟ್ಟು ಕೇಳಿದ್ದು ಒಂದೇ: "ಎಳೆದಾಗ ದಾರ ಜರ್ಕ್ ಹೊಡೀತಾ, ಸಲೀಸಾಗಿ ಬಿಡ್ತಾ?" ಸಲೀಸಾಗಿ ಬಿಟ್ಟಿತು ಅಂದೆ. ಅವನ ಮುಖ ಅರಳಿತು. ಮೀನಿನ ಕಡೆ ನೋಡಲೂ ಇಲ್ಲ, ನನ್ನ ಕಡೆಯೂ ನೋಡಲಿಲ್ಲ.

ಮನೆಗೆ ಬಂದಾಗ ಮಾತು ನಿಲ್ಲುತ್ತಿತ್ತು ಅಂತ ಬರೆದಿದ್ದೀಯ. ನಿಲ್ಲದೆ ಇನ್ನೇನು, ಮಾತು ನಿನ್ನದೇ ಆಗಿರುತ್ತಿತ್ತು. "ಅವಳಿಗೆ ಹೇಳಬೇಡ, ತಲೆಗೇರುತ್ತೆ" ಅನ್ನುತ್ತಿದ್ದ. ನಾನು ಹೇಳಲಿಲ್ಲ. ಅವನು ಬೇಡ ಅಂದ ಅಂತಲ್ಲ. ಹೇಳಲು ನನಗೆ ಇಷ್ಟವಿರಲಿಲ್ಲ. ನನ್ನ ಬಗ್ಗೆ ಯಾರೂ ಹೇಳದ ಮಾತನ್ನು ನಿನಗೆ ನಾನು ಯಾಕೆ ಹೊತ್ತು ತಂದು ಕೊಡಬೇಕು?

ರೀಲು ನನ್ನ ಕೈಗಿಟ್ಟಾಗ ಅಪ್ಪ ಏನು ಹೇಳಿದ ಅಂತ ನೀನು ಬಾಗಿಲಲ್ಲಿ ನಿಂತಿದ್ದರೂ ಕೇಳಿಸಿರಲಿಕ್ಕಿಲ್ಲ, ದನಿ ಅಷ್ಟು ಇಳಿದಿತ್ತು. "ಅವಳ ಹತ್ರ ಇದ್ರೆ ಒರೆಸಿ ಇಟ್ಬಿಡ್ತಾಳೆ. ನೀನು ತಗೋ. ನೀನಾದ್ರೆ ಕೆಡಿಸ್ತಾ ಇರ್ತೀಯ." ಹಾಗಂದು ನಕ್ಕ. ಕೆಡಿಸುವವನು ಅನ್ನುವ ಹೆಸರು ಹೊತ್ತುಕೊಂಡು ನಾನು ಕಡೆಯ ಬಸ್ಸು ಹಿಡಿದೆ. ವರ್ಷವಿಡೀ ನಿನಗೆ ಕಾಗದ ಬರೆಯದೆ ಇದ್ದದ್ದು ಅದಕ್ಕೇ.

ಉಳಿದದ್ದೆಲ್ಲ ನೀನೇ ಇಟ್ಟುಕೋ, ಉರುಳೆಯನ್ನೂ ಇಟ್ಟುಕೋ. ಹಿಡಿ ಮಾತ್ರ ಕೊಡು. ಅಷ್ಟು ವರ್ಷ ದೋಣಿಯಲ್ಲಿ ನಾನೂ ಇದ್ದೆ ಅನ್ನುವುದಕ್ಕೆ ಆ ಗುಳಿ ಬಿಟ್ಟು ನನ್ನ ಹತ್ತಿರ ಬೇರೆ ಏನೂ ಇಲ್ಲ.

ತಮ್ಮ


ನವೆಂಬರ್ ೩

ತಮ್ಮನಿಗೆ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಅರ್ಧ ಎಳೆದೆ. ಹಿಡಿಯನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಗುಳಿ ಪೂರ್ತಿ ಇದೆ, ಉಗುರಿನ ಗೀರೂ ಇದೆ. ಮೊಂಡು ಬೆರಳಿಗೆ ಅಂಥ ಗುಳಿ ಬೀಳಲು ಸಾಧ್ಯವೇ ಇಲ್ಲ. ಆ ಬೆರಳನ್ನು ನಾನು ದಿನಾ ನೋಡಿದವಳು, ಕಡೆಯ ದಿನ ಸೋಪು ಹಚ್ಚಿ ತೊಳೆದವಳು. ಬೇರೆ ಯಾವ ಗಿರಾಕಿಯ ರೀಲು ಆಗಿದ್ದರೂ ಎಡಗೈಯವನಾ, ಬಲಗೈಯವನಾ, ಎಷ್ಟು ವಯಸ್ಸು ಅಂತ ಹಿಡಿ ನೋಡಿಯೇ ಹೇಳಿಬಿಡುತ್ತಿದ್ದೆ. ಇದೊಂದರಲ್ಲಿ ನನಗೆ ಬೇಕಾದದ್ದು ಮಾತ್ರ ಕಂಡಿತು. ಎಂಟು ತಿಂಗಳು ನಿನ್ನ ಬೆರಳಿನಲ್ಲಿ ಬೆರಳಿಟ್ಟುಕೊಂಡು ಅಪ್ಪನನ್ನು ನೆನೆದೆ.

ಇದನ್ನು ಓದಿದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿರುತ್ತದೆ ಅಂತ ನೀನು ಅಂದುಕೊಂಡಿದ್ದರೆ ಅದು ತಪ್ಪು. ಹೆಚ್ಚಾಗಿದೆ. ಇಷ್ಟು ದಿನ ನಿನಗೆ ಅಪ್ಪ ಸಿಕ್ಕ ಅಂತ ಉರಿಯುತ್ತಿದ್ದೆ. ಈಗ ನೋಡಿದರೆ ನನಗೆ ಬರಬೇಕಾದ ಮಾತುಗಳೆಲ್ಲ ನಿನ್ನ ಕಿವಿಯಲ್ಲಿವೆ. ನನಗೆ "ಪರವಾಗಿಲ್ಲ" ಅಂದ ಬಾಯಿ ನಿನ್ನೆದುರು ಇಷ್ಟೆಲ್ಲ ಹೇಳಿದೆ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆ ಇಲ್ಲ ಅನ್ನುವುದನ್ನು ಅಪ್ಪನ ಬಾಯಲ್ಲಿ ಒಮ್ಮೆ ಕೇಳಿದ್ದರೆ ಈ ಲೇತಿನ ಮುಂದೆ ಇಷ್ಟು ವರ್ಷ ಹಲ್ಲು ಕಚ್ಚಿ ನಿಲ್ಲುತ್ತಿರಲಿಲ್ಲ. ತಲೆಗೇರುತ್ತಿತ್ತಂತೆ. ಏರಲಿ ಅಂತ ಬಿಡಬೇಕಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನು ಇಲ್ಲ, ಹಾಗಾಗಿ ಸದ್ಯಕ್ಕೆ ನಿನ್ನ ಮೇಲೆಯೇ ಇದೆ.

ನಿನ್ನ ಕಾಗದದಲ್ಲಿ ಎರಡೇ ಭಾನುವಾರದ ಮಾತಿದೆ. ಉಳಿದವೂ ನಿನಗೆ ನೆನಪಿರುತ್ತವೆ. ನಿನ್ನ ತಲೆ ಚಿಕ್ಕಂದಿನಿಂದ ಹಾಗೇ, ಕೆಲಸಕ್ಕೆ ಬಾರದ್ದೆಲ್ಲ ಉಳಿಯುತ್ತದೆ.

ಹೋದ ವಾರ ಎರಡು ರೀಲುಗಳನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದೆ. ನಿನ್ನದಕ್ಕೆ ನಿನ್ನದನ್ನೆಲ್ಲ ವಾಪಸ್ ಹಾಕಿದ್ದೇನೆ. ಹಳೆಯ ಚಕ್ರಗಳು ಜೋಡಿಯಾಗಿಯೇ ಇವೆ, ಕರಕರ ಅನ್ನುವುದಿಲ್ಲ. ಬಿಲ್ಲೆಗಳಿಗೆ ಎಣ್ಣೆ ಕುಡಿಸಿದ್ದೇನೆ. ಹಿಡಿಯ ಸೀಳಿಗೆ ಅಂಟು ಹಾಕಿದ್ದೇನೆ, ಗುಳಿಯನ್ನು ಮುಟ್ಟಿಲ್ಲ. ಮುರಿದ ಸ್ಪ್ರಿಂಗಿನ ಬದಲು ಹೊಸದು ಹಾಗೇ ಇರುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ. ಸವೆದ ರೀಲು, ದೊಡ್ಡ ಮೀನು ಎಳೆದರೆ ಒಂದೊಂದು ಸಲ ಜಾರುತ್ತದೆ. ಜಾರಿದರೆ ನನ್ನನ್ನು ಬೈಯಬೇಡ.

ನಾನು ಮಾಡಿದ ಭಾಗಗಳನ್ನು ಗುಜರಿಯ ಚೌಕಟ್ಟಿಗೆ ಹಾಕಿದೆ. ಇನ್ನೊಂದು ಸ್ಪ್ರಿಂಗು, ಪುಟ್ಟ ಚಕ್ರ, ಉರುಳೆ ಬೇಕಿತ್ತು, ಅವನ್ನೂ ಮಾಡಿದೆ. ಮೂರು ದಿನದ ಕೆಲಸ, ಬೀಗದವನು ಮೂರೂ ದಿನ ಬಾಗಿಲಲ್ಲಿ ನಿಂತು ನೋಡಿದ. ಚೆನ್ನಾಗಿ ಬಂದಿದೆ. ಚೆನ್ನಾಗಿ ಬಂದಿದೆ ಅಂತ ನಾನೇ ಬರೆಯುತ್ತಿದ್ದೇನೆ.

ಬರುವ ಭಾನುವಾರ, ನೀವಿಬ್ಬರೂ ಹೋಗುತ್ತಿದ್ದ ಕಟ್ಟೆಯ ಹತ್ತಿರ ಒಂದು ದೋಣಿ ಹೇಳಿಟ್ಟಿದ್ದೇನೆ, ಬಾ. ಬಾಡಿಗೆಯವನಿಗೆ ದೊಡ್ಡದೇ ಬೇಕು ಅಂದಿದ್ದೇನೆ. ನನಗೆ ಈಜು ಬರುವುದಿಲ್ಲ, ಹತ್ತುವಾಗ ಕೈ ಹಿಡಿದುಕೋ. ನೀನು ಹುಟ್ಟು ಹಾಕು, ಗಾಳ ನಾನು ಎಸೆಯುತ್ತೇನೆ. ನಡು ನೀರಿಗೆ ಹೋದ ಮೇಲೆ ಅಪ್ಪ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳು. ಯಾವುದನ್ನೂ ಬಿಡಬೇಡ, ನಿನ್ನದೇನನ್ನೂ ಸೇರಿಸಬೇಡ. ಹೇಳುವಾಗ ನನ್ನ ಮುಖ ನೋಡಬೇಡ. ಮತ್ತೆ ನನ್ನ ರೀಲಿನ ಹಿಡಿಯನ್ನು ಅಪ್ಪಿತಪ್ಪಿಯೂ ಮುಟ್ಟಬೇಡ, ಅದಿನ್ನೂ ಯಾರ ಬೆರಳಿಗೂ ಸವೆದಿಲ್ಲ.

ಅಕ್ಕ